ಹೊಟ್ಟೆಯೊಳಗಿನ ಮಗುವಿಗೆ ಕಂಪ್ಯೂಟರ್ ಜಾತಕ

ತೊಂಬತ್ತರ ದಶಕದ ನಮ್ಮ ಜಾತ್ರೆಗಳಲ್ಲಿ ಬಳೆ ಅಂಗಡಿಗೂ ಬೆಂಡು ಬತ್ತಾಸಿನ ಅಂಗಡಿಗೂ ನಡುವೆ ‘ಕಂಪ್ಯೂಟರ್ ಜಾತಕ’ ಎಂಬ ಬೋರ್ಡು ಹೊತ್ತ ಒಂದು ಅಂಗಡಿ ಇರುತ್ತಿತ್ತು. ಹುಟ್ಟಿದ ದಿನ, ಹೊತ್ತು, ಊರು ಹೇಳಿದರೆ ಸಾಕು, ಕರಕರ ಸದ್ದು ಮಾಡುತ್ತ ಪ್ರಿಂಟರಿನಿಂದ ಅಂಚಿನಲ್ಲಿ ತೂತುಗಳಿದ್ದ ಉದ್ದನೆಯ ಕಾಗದ ಹೊರಗೆ ಬರುತ್ತಿತ್ತು. ಊರಿನ ಜೋಯಿಸರು ಹೇಳಿದ್ದನ್ನು ಅರ್ಧಂಬರ್ಧ ನಂಬುತ್ತಿದ್ದವರೂ ಆ ಕಾಗದವನ್ನು ಜೋಪಾನವಾಗಿ ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದರು. ಜೋಯಿಸರಾದರೆ ತಪ್ಪಬಹುದು, ಕಂಪ್ಯೂಟರ್ ತಪ್ಪುತ್ತದೆಯೇ?

ಈಗ ಬಸುರಿಯರ ಮೊಬೈಲಿಗೆ ಬಂದು ಬೀಳುತ್ತಿರುವ ವರದಿಗಳನ್ನು ನೋಡಿದಾಗಲೆಲ್ಲ ನನಗೆ ಆ ಕಾಗದದ ನೆನಪಾಗುತ್ತದೆ. ಹೋಲಿಕೆ ಒರಟಾಯಿತು, ಗೊತ್ತು. ಜಾತಕದ ಹಿಂದೆ ವಿಜ್ಞಾನವಿಲ್ಲ, ಈ ವರದಿಗಳ ಹಿಂದೆ ಅರವತ್ತು ಎಪ್ಪತ್ತು ವರ್ಷಗಳ ಗಟ್ಟಿ ವಿಜ್ಞಾನವಿದೆ. ನನ್ನ ಜಗಳ ವಿಜ್ಞಾನದ ಜೊತೆಗಲ್ಲ. ಅದನ್ನು ಬಸುರಿ ಹೆಂಗಸಿನ ಕೈಗೆ ಕೊಡುತ್ತಿರುವ ರೀತಿಯ ಜೊತೆಗೆ. ಆ ರೀತಿ ಮಾತ್ರ ಅಪ್ಪಟ ಜಾತಕದ್ದೇ.

ನನ್ನ ಅರ್ಹತೆ ಏನೆಂದು ಕೇಳುವವರಿಗೆ ಹೇಳಿಬಿಡುತ್ತೇನೆ. 1991ರಿಂದ ನಿವೃತ್ತಿಯಾಗುವವರೆಗೂ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕ್ರೋಮೋಸೋಮ್ ಎಣಿಸುವುದೇ ನನ್ನ ಕೆಲಸವಾಗಿತ್ತು. ಪಠ್ಯಪುಸ್ತಕದಲ್ಲಿ ಅದಕ್ಕೆ ವರ್ಣತಂತು ಅನ್ನುತ್ತಾರೆ. ಲ್ಯಾಬಿನಲ್ಲಿ ಯಾರೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ. ಗರ್ಭಕೋಶದಿಂದ ಸೂಜಿಯಲ್ಲಿ ತೆಗೆದ ನಾಲ್ಕು ಚಮಚದಷ್ಟು ನೀರು ನಮ್ಮಲ್ಲಿಗೆ ಬರುತ್ತಿತ್ತು. ಅದರಲ್ಲಿನ ಮಗುವಿನ ಜೀವಕೋಶಗಳನ್ನು ಹತ್ತು ಹದಿನಾಲ್ಕು ದಿನ ಬೆಳೆಸಿ, ಅವು ಒಡೆದು ಎರಡಾಗುವ ಗಳಿಗೆಯಲ್ಲಿ ತಡೆದು ನಿಲ್ಲಿಸಿ, ಗಾಜಿನ ಸ್ಲೈಡಿನ ಮೇಲೆ ಎತ್ತರದಿಂದ ಹನಿ ಹನಿಯಾಗಿ ಬೀಳಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಫೋಟೋ ತೆಗೆಯುತ್ತಿದ್ದೆವು. ಆಮೇಲೆ ಕತ್ತರಿ. ಪ್ರಿಂಟು ಹಾಕಿದ ಫೋಟೋದಿಂದ ಒಂದೊಂದೇ ಕ್ರೋಮೋಸೋಮನ್ನು ಕತ್ತರಿಸಿ, ಉದ್ದ ನೋಡಿ, ಪಟ್ಟೆ ನೋಡಿ, ಜೋಡಿ ಜೋಡಿಯಾಗಿ ಕಾಗದದ ಮೇಲೆ ಗೋಂದು ಹಚ್ಚಿ ಅಂಟಿಸುವುದು. ಇಪ್ಪತ್ತಮೂರು ಜೋಡಿ, ನಲವತ್ತಾರು. ಫ್ಯಾನು ಹಾಕುವಂತಿರಲಿಲ್ಲ, ಚೂರುಗಳು ಹಾರಿಹೋಗುತ್ತಿದ್ದವು. ಇಪ್ಪತ್ತೊಂದನೆಯದು ಎಲ್ಲಕ್ಕಿಂತ ಪುಟ್ಟದು, ಇಪ್ಪತ್ತೆರಡಕ್ಕಿಂತಲೂ ಚಿಕ್ಕದು. ಹೆಸರಿಟ್ಟ ಹಿರಿಯರು ಅಳತೆಯಲ್ಲಿ ಒಂದಿಷ್ಟು ಎಡವಿದರು, ಹೆಸರು ಹಾಗೇ ನಿಂತಿತು. ಆ ಪುಟ್ಟದು ಎರಡರ ಬದಲು ಮೂರಿದ್ದರೆ ಡೌನ್ ಸಿಂಡ್ರೋಮ್. 1866ರಲ್ಲಿ ಲ್ಯಾಂಗ್‌ಡನ್ ಡೌನ್ ಎಂಬ ಇಂಗ್ಲಿಷ್ ವೈದ್ಯ ವರ್ಣಿಸಿದ ಸ್ಥಿತಿಗೆ ಕಾರಣ ಈ ಒಂದು ಹೆಚ್ಚಿನ ಚೂರು ಎಂದು ಗೊತ್ತಾಗಿದ್ದು 1959ರಲ್ಲಿ, ಪ್ಯಾರಿಸ್ಸಿನಲ್ಲಿ.

ಹಾಗಾಗಿ ಯಂತ್ರ ಬಂದಾಗ ನಾನು ಅತ್ತವಳಲ್ಲ. ನಾವು ಅರ್ಧ ದಿನ ಕೂತು ಮಾಡುತ್ತಿದ್ದ ಕೆಲಸವನ್ನು ಈಗಿನ ಸಾಫ್ಟ್‌ವೇರ್ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡುತ್ತದೆ. ಒಂದರ ಮೇಲೊಂದು ಬಿದ್ದ ಕ್ರೋಮೋಸೋಮುಗಳನ್ನು ಬಿಡಿಸಿ, ಬಾಗಿದ್ದನ್ನು ನೆಟ್ಟಗೆ ಮಾಡಿ, ಜೋಡಿ ಕೂರಿಸಿ ಪರದೆಯ ಮೇಲೆ ತೋರಿಸುತ್ತದೆ. ಅದು ಕೂರಿಸಿದ್ದನ್ನು ಅನುಭವಿ ಕಣ್ಣೊಂದು ಸರಿಯೋ ತಪ್ಪೋ ನೋಡುತ್ತದೆ, ಬೇಕಾದರೆ ಎಳೆದು ಬದಲಿಸುತ್ತದೆ. ಇದು ಒಳ್ಳೆಯ ಆಳು. ಹೇಳಿದ ಕೆಲಸ ಮಾಡುತ್ತದೆ, ಮೇಲೊಬ್ಬರು ನೋಡುತ್ತಾರೆ, ಕೊನೆಗೆ ಒಬ್ಬರು ಸಹಿ ಹಾಕುತ್ತಾರೆ. ಇದರ ಬಗ್ಗೆ ನನ್ನ ತಕರಾರೇನೂ ಇಲ್ಲ.

ತಕರಾರು ಇರುವುದು ಇದಕ್ಕಿಂತ ಹಿಂದಿನ ಹೆಜ್ಜೆಯಲ್ಲಿ. ಮೂರನೆಯ ತಿಂಗಳಲ್ಲಿ ಎನ್‌ಟಿ ಸ್ಕ್ಯಾನ್ ಮತ್ತು ಡಬಲ್ ಮಾರ್ಕರ್, ತಡವಾಗಿ ಬಂದವರಿಗೆ ಕ್ವಾಡ್ರುಪಲ್ ಮಾರ್ಕರ್. ಮಗುವಿನ ಕತ್ತಿನ ಹಿಂದಿನ ನೀರಿನ ಪದರ ಎಷ್ಟು ದಪ್ಪ, ತಾಯಿಯ ರಕ್ತದಲ್ಲಿ ಎರಡೋ ನಾಲ್ಕೋ ಪದಾರ್ಥಗಳು ಎಷ್ಟಿವೆ, ತಾಯಿಯ ವಯಸ್ಸೆಷ್ಟು, ತೂಕವೆಷ್ಟು, ಎಷ್ಟು ವಾರ – ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದರೆ ಅದೊಂದು ಸಂಖ್ಯೆ ಕೊಡುತ್ತದೆ. ಇದು ರೋಗನಿರ್ಣಯ ಅಲ್ಲ, ಜರಡಿ. ಯಾರನ್ನು ಮುಂದಿನ ಪರೀಕ್ಷೆಗೆ ಕರೆಯಬೇಕು ಎಂದು ಸೋಸುವುದಷ್ಟೇ ಇದರ ಕೆಲಸ. ಈಗ ಇದಕ್ಕೆ ಹೊಸ ಹುರುಪು ಬಂದಿದೆ. ಸ್ಕ್ಯಾನಿನ ಚಿತ್ರವನ್ನು ತಾನೇ ಅಳೆಯುವ, ಚಿತ್ರ ನೋಡಿಯೇ ಡೌನ್ ಇದೆಯೋ ಇಲ್ಲವೋ ಊಹಿಸುವ ಕೃತಕ ಬುದ್ಧಿಮತ್ತೆಯ ಪ್ರಯೋಗಗಳು ನಡೆಯುತ್ತಿವೆ. ‘ತಜ್ಞರೇ ಬೇಡ’ ಎಂಬ ಪ್ರಚಾರವೂ ಅದರ ಬೆನ್ನಿಗೇ ಬಂದಿದೆ.

ಲೆಕ್ಕವೊಂದನ್ನು ಒಟ್ಟಿಗೆ ಮಾಡೋಣ, ಕಷ್ಟದ್ದೇನಲ್ಲ. ಹತ್ತು ಸಾವಿರ ಬಸುರಿಯರು, ಹೆಚ್ಚಿನವರು ಚಿಕ್ಕ ವಯಸ್ಸಿನವರು ಎಂದುಕೊಳ್ಳಿ. ಸಾವಿರಕ್ಕೊಂದರಂತೆ ಹತ್ತು ಮಕ್ಕಳಿಗೆ ಡೌನ್ ಇದೆ. ಮೂರನೆಯ ತಿಂಗಳ ಜರಡಿ ಚೆನ್ನಾಗಿ ನಡೆದರೆ ನೂರಕ್ಕೆ ತೊಂಬತ್ತನ್ನು ಹಿಡಿಯುತ್ತದೆ, ಹಿಡಿಯುವ ಭರದಲ್ಲಿ ಡೌನ್ ಇಲ್ಲದವರಲ್ಲಿ ನೂರಕ್ಕೆ ಐವರನ್ನೂ ಎಳೆದುಕೊಳ್ಳುತ್ತದೆ. ಅಂದರೆ ಹತ್ತರಲ್ಲಿ ಒಂಬತ್ತು ಸಿಕ್ಕವು, ಜೊತೆಗೆ ಏನೂ ಇಲ್ಲದ ಸುಮಾರು ಐನೂರು ಜನರೂ ಸಿಕ್ಕರು. ಒಟ್ಟು ಐನೂರ ಒಂಬತ್ತು ಹೆಂಗಸರ ವರದಿಯಲ್ಲಿ ಕೆಂಪು ಅಕ್ಷರ. ಜರಡಿ ಎಂಬುದು ಇರುವುದೇ ಹೀಗೆ, ಅದರ ತಪ್ಪಲ್ಲ. ಆದರೆ ಈ ಐನೂರು ಜನರಿಗೆ ‘ನಿಮ್ಮಂಥ ಐವತ್ತಾರು ಐವತ್ತೇಳು ಜನರಲ್ಲಿ ಒಬ್ಬರಿಗೆ ಮಾತ್ರ’ ಎಂದು ಎದುರಿಗೆ ಕೂರಿಸಿಕೊಂಡು ಹೇಳುವವರು ಯಾರು? ವರದಿಯಂತೂ ಹೇಳುವುದಿಲ್ಲ. ಅದು ‘ಹೈ ರಿಸ್ಕ್’ ಅನ್ನುತ್ತದೆ, ಸುಮ್ಮನಾಗುತ್ತದೆ.

ನನ್ನ ತಂಗಿಯ ಮಗಳಿಗೆ ಇಂಥದ್ದೇ ಒಂದು ವರದಿ ಒಂದು ಶನಿವಾರ ರಾತ್ರಿ ಒಂಬತ್ತೂವರೆಗೆ ವಾಟ್ಸ್ಯಾಪಿನಲ್ಲಿ ಬಂತು. 1:190. ಅದರ ಕೆಳಗೆ ಕೆಂಪು ಪಟ್ಟಿ. ನನಗೆ ಫೋನು ಮಾಡಿ ಅವಳು ಕೇಳಿದ ಮೊದಲ ಪ್ರಶ್ನೆ: “ದೊಡ್ಡಮ್ಮ, ಒಂದಕ್ಕೆ ನೂರತೊಂಬತ್ತು ಅಂದರೆ ಬೇರೆಯವರಿಗಿಂತ ನೂರತೊಂಬತ್ತು ಪಟ್ಟು ಜಾಸ್ತೀನಾ?” ಅವಳು ಓದಿದವಳು, ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಸಂಖ್ಯೆಗಳ ನಡುವೆಯೇ ಬದುಕುವವಳು. ನೂರತೊಂಬತ್ತು ಬಸುರಿಯರಲ್ಲಿ ನೂರಾ ಎಂಬತ್ತೊಂಬತ್ತು ಜನರಿಗೆ ಏನೂ ಇರುವುದಿಲ್ಲ ಎಂದೆ. “ಹಾಗಾದರೆ ಕೆಂಪು ಯಾಕೆ?” ಅಂದಳು. 250ಕ್ಕಿಂತ ಕಡಿಮೆ ಬಂದರೆ ಸಾಫ್ಟ್‌ವೇರ್ ಕೆಂಪು ಬಳಿಯುತ್ತದೆ, 251 ಬಂದಿದ್ದರೆ ಹಸಿರು ಬಳಿಯುತ್ತಿತ್ತು, ಎರಡರ ನಡುವೆ ಇರುವುದು ಒಂದು ಎಳೆ ಅಷ್ಟೇ ಎಂದೆ. ಅವಳ ಅತ್ತೆ ಅಷ್ಟರಲ್ಲಿ ಯಾರ ಕಡೆಯಿಂದ ಬಂತು, ನಮ್ಮ ಮನೆತನದಲ್ಲಂತೂ ಯಾರಿಗೂ ಇಲ್ಲ ಎಂದು ಶುರು ಮಾಡಿಯಾಗಿತ್ತಂತೆ. (ಡೌನ್ ಬಹುಪಾಲು ಯಾರ ಮನೆತನದಿಂದಲೂ ಬರುವುದಿಲ್ಲ. ಅಂಡ ಅಥವಾ ವೀರ್ಯ ಒಡೆಯುವಾಗ ಆಗುವ ಆಕಸ್ಮಿಕ. ಇದನ್ನೂ ವರದಿಯ ಮೇಲೆ ಒಂದು ಸಾಲಿನಲ್ಲಿ ಬರೆಯಬಹುದು, ಎಷ್ಟೋ ಅಡುಗೆಮನೆಗಳಲ್ಲಿ ಜಗಳ ತಪ್ಪುತ್ತದೆ.)

ವರದಿಯನ್ನು ಪೂರ್ತಿ ಕಳಿಸು ಎಂದೆ. ಅದರಲ್ಲಿ ಎಷ್ಟು ವಾರ ಎಂಬುದನ್ನು ಕೊನೆಯ ಮುಟ್ಟಿನ ದಿನಾಂಕದಿಂದ ಲೆಕ್ಕ ಹಾಕಿದ್ದರು. ಅವಳಿಗೆ ಮುಟ್ಟಾಗುವುದು ನಲವತ್ತು ದಿನಕ್ಕೊಮ್ಮೆ. ಸ್ಕ್ಯಾನಿನಲ್ಲಿ ಮಗುವಿನ ಉದ್ದ ಅಳೆದು ಬರೆದಿದ್ದರು, ಆ ಅಳತೆಯ ಪ್ರಕಾರ ಮಗುವಿಗೆ ಸುಮಾರು ಹತ್ತು ದಿನ ಕಡಿಮೆ. ಬಸುರು ಮುಂದುವರಿದಂತೆ ಏರಬೇಕಾದ ಪದಾರ್ಥವೊಂದು ಇಷ್ಟು ದಿನವಾದರೂ ಏರಿಲ್ಲವಲ್ಲ ಎಂದು ಯಂತ್ರ ಗಾಬರಿಪಟ್ಟಿತ್ತು. ಸೋಮವಾರ ಅದೇ ಲ್ಯಾಬಿಗೆ ಹೋಗಿ ಗಲಾಟೆ ಮಾಡಿ, ಸ್ಕ್ಯಾನಿನ ವಾರ ಹಾಕಿಸಿ ಮತ್ತೆ ಲೆಕ್ಕ ಮಾಡಿಸಿದಾಗ ಬಂದದ್ದು 1:1400. ಅದೇ ರಕ್ತ, ಅದೇ ಮಗು, ಅದೇ ಬುದ್ಧಿವಂತ ಯಂತ್ರ. ಅವಳಿಗೊಬ್ಬಳು ದೊಡ್ಡಮ್ಮ ಇದ್ದಳು, ಆಯಿತು. ಇಲ್ಲದವರು?

ಯಂತ್ರಕ್ಕೆ ನಾವು ಉಣಿಸುತ್ತಿರುವುದೇನು ಎಂದು ಯಾರೂ ಕೇಳುತ್ತಿಲ್ಲ. ಈ ಲೆಕ್ಕದ ಅಡಿಪಾಯ ತಾಯಿಯ ವಯಸ್ಸು. ಇಪ್ಪತ್ತೈದರ ಆಸುಪಾಸಿನಲ್ಲಿ ಸಾವಿರಕ್ಕೊಂದಕ್ಕಿಂತಲೂ ಕಡಿಮೆ ಇರುವ ಸಾಧ್ಯತೆ ಮೂವತ್ತೈದಕ್ಕೆ ಸುಮಾರು ಮುನ್ನೂರೈವತ್ತಕ್ಕೊಂದು, ನಲವತ್ತಕ್ಕೆ ನೂರಕ್ಕೊಂದರ ಹತ್ತಿರ ಬರುತ್ತದೆ. ಈಗ ನಮ್ಮ ಕಡೆಯ ಹಳ್ಳಿ ಹೆಣ್ಣುಮಕ್ಕಳ ಆಧಾರ್ ಕಾರ್ಡು ತೆಗೆದು ನೋಡಿ. ಎಷ್ಟು ಜನ ಜೂನ್ 1ರಂದು ಹುಟ್ಟಿದ್ದಾರೆ! ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಕೊಟ್ಟ ಜನ್ಮದಿನ ಅದು, ವರ್ಷವೂ ಅವರದೇ ಅಂದಾಜು. ಕೊನೆಯ ಮುಟ್ಟು ಯಾವಾಗ ಎಂದರೆ ‘ಹಬ್ಬ ಆಗಿ ಒಂದು ವಾರಕ್ಕೆ’ ಅನ್ನುತ್ತಾರೆ, ಯಾವ ಹಬ್ಬ ಎಂದು ಕೇಳಲು ಕೌಂಟರಿನ ಹುಡುಗನಿಗೆ ಪುರುಸೊತ್ತಿಲ್ಲ. ತೂಕ ಹೋದ ತಿಂಗಳ ತಾಯಿ ಕಾರ್ಡಿನಿಂದ. ಜನಾಂಗ ಎಂಬ ಕಡೆ ‘ಏಷ್ಯನ್’ ಎಂದು ಒಂದು ಗುರುತು. ಬೀದರಿನವಳೂ ಬೀಜಿಂಗಿನವಳೂ ಒಂದೇ. ಇಷ್ಟನ್ನು ಉಣಿಸಿ, ದಶಾಂಶ ಬಿಂದುವಿನ ಆಚೆಯ ಅಂಕಿಗಳ ಸಮೇತ ಬಂದ ಉತ್ತರವನ್ನು ನಾವು ನಿಖರ ಅನ್ನುತ್ತೇವೆ. ಅಕ್ಕಿಯಲ್ಲಿ ಕಲ್ಲಿದ್ದರೆ ಎಷ್ಟು ದುಬಾರಿ ಕುಕ್ಕರಿನಲ್ಲಿ ಬೇಯಿಸಿದರೂ ಅನ್ನದಲ್ಲಿ ಕಲ್ಲು ಸಿಗುತ್ತದೆ.

ಇದು ಬಡದೇಶದ ಗೋಳು ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ 2000ನೆಯ ಇಸವಿಯ ಜನವರಿಯಿಂದ ಮೇ ತಿಂಗಳವರೆಗೆ ಆಸ್ಪತ್ರೆಯ ಕಂಪ್ಯೂಟರ್ ತಾಯಂದಿರ ವಯಸ್ಸನ್ನೇ ತಪ್ಪಾಗಿ ಲೆಕ್ಕ ಹಾಕುತ್ತಿತ್ತು. ಜಗತ್ತೆಲ್ಲ ಹೆದರಿ ಕೂತಿದ್ದ, ಏನೂ ಆಗಲಿಲ್ಲ ಎಂದು ನಾವೆಲ್ಲ ನಕ್ಕ ಅದೇ ವೈ-ಟು-ಕೆ ದೋಷ. ನೂರೈವತ್ತಕ್ಕೂ ಹೆಚ್ಚು ಹೆಂಗಸರಿಗೆ ಡೌನ್ ಸಾಧ್ಯತೆಯ ತಪ್ಪು ಲೆಕ್ಕ ಹೋಗಿತ್ತು. ಡೌನ್ ಇದ್ದ ಮಗುವನ್ನು ಹೊತ್ತಿದ್ದ ನಾಲ್ವರಿಗೆ ‘ಅಪಾಯ ಕಡಿಮೆ’ ಎಂದು ಹೇಳಿ ಕಳಿಸಿದ್ದರು. ಐದು ತಿಂಗಳು! ಅಲ್ಲಿ ತಜ್ಞರಿದ್ದರು, ಸರ್ಕಾರಿ ಆರೋಗ್ಯ ವ್ಯವಸ್ಥೆಯಿತ್ತು, ಕೊನೆಗೆ ತನಿಖೆಯೂ ನಡೆದು ತಪ್ಪು ಬಯಲಾಯಿತು. ನಮ್ಮ ಸಂದಿಗೊಂದಿಯ ಕಲೆಕ್ಷನ್ ಸೆಂಟರುಗಳಲ್ಲಿ ಇಂಥದ್ದೊಂದು ನಡೆದರೆ ಎಷ್ಟು ವರ್ಷಕ್ಕೆ ಗೊತ್ತಾದೀತು?

ತಂಗಿಯ ಮಗಳಂಥವರಿಗೆ ಈಗ ಕೂಡಲೇ ತೋರಿಸುವ ದಾರಿ ಎನ್‌ಐಪಿಟಿ. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ ಎಂದು 1997ರಲ್ಲಿ ಡೆನಿಸ್ ಲೋ ಮತ್ತು ಸಂಗಡಿಗರು ತೋರಿಸಿದ್ದರಿಂದ ಹುಟ್ಟಿದ ಪರೀಕ್ಷೆ, 2011ರಿಂದ ಮಾರುಕಟ್ಟೆಯಲ್ಲಿದೆ. ಸೂಜಿ ಚುಚ್ಚಿ ಗರ್ಭದ ನೀರು ತೆಗೆಯುವ ಅಪಾಯವಿಲ್ಲ, ಡಬಲ್ ಮಾರ್ಕರಿಗಿಂತ ಎಷ್ಟೋ ಪಾಲು ಮೇಲು. ಜಾಹೀರಾತು ಮಾತ್ರ ‘ಶೇ. 99’ ಅನ್ನುತ್ತದೆ. ಮತ್ತೆ ಅದೇ ಹತ್ತು ಸಾವಿರ ಬಸುರಿಯರನ್ನು ತೆಗೆದುಕೊಳ್ಳಿ. ಹತ್ತಕ್ಕೆ ಹತ್ತೂ ಸಿಕ್ಕವು ಎನ್ನೋಣ. ಸಾವಿರಕ್ಕೊಂದು ಸುಳ್ಳು ಎಚ್ಚರಿಕೆ ಎಂದರೂ ಅದೂ ಹತ್ತಾಯಿತು. ಅಂದರೆ ಕಡಿಮೆ ಅಪಾಯದ ಗುಂಪಿನಲ್ಲಿ ‘ಪಾಸಿಟಿವ್’ ಬಂದ ಇಪ್ಪತ್ತರಲ್ಲಿ ಹತ್ತು ಸುಳ್ಳು. ಶೇ. 99 ಎಂದು ಬರೆದ ಕಾಗದವೇ ಅರ್ಧಕ್ಕರ್ಧ ತಪ್ಪೂ ಆಗಬಹುದು, ಎರಡೂ ಏಕಕಾಲಕ್ಕೆ ನಿಜ. ಇನ್ನೂ ಅಪರೂಪದ ಸ್ಥಿತಿಗಳಿಗೆ, ಕ್ರೋಮೋಸೋಮಿನ ಸಣ್ಣ ತುಂಡು ಕಳಚಿಹೋದಂಥವಕ್ಕೆ, ಇದೇ ಪರೀಕ್ಷೆಯನ್ನು ಹಿಗ್ಗಿಸಿ ಮಾರಿದಾಗ ಏನಾಯಿತು ಎಂಬುದನ್ನು ನ್ಯೂಯಾರ್ಕ್ ಟೈಮ್ಸ್ 2022ರ ಜನವರಿಯಲ್ಲಿ ಬರೆಯಿತು: ಪರಿಶೀಲಿಸಿದ ಅಂಥ ಐದು ಸ್ಥಿತಿಗಳಲ್ಲಿ ಪಾಸಿಟಿವ್ ಬಂದವುಗಳಲ್ಲಿ ಸರಾಸರಿ ಶೇ. 85 ತಪ್ಪು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಹೊರಡಿಸಿ, ಈ ಫಲಿತಾಂಶವೊಂದನ್ನೇ ನಂಬಿ ನಿರ್ಧಾರ ತೆಗೆದುಕೊಳ್ಳಬೇಡಿ ಎಂದಿತು. ಕೃತಕ ಬುದ್ಧಿಮತ್ತೆ ಈ ಲೆಕ್ಕದಿಂದ ಪಾರಾಗುವ ಮಂತ್ರವಲ್ಲ. ಡೌನ್ ಇರುವ, ಇಲ್ಲದ ಚಿತ್ರಗಳನ್ನು ಆರಿಸಿ ಗುಡ್ಡೆ ಹಾಕಿಕೊಂಡು ಪರೀಕ್ಷೆ ಮಾಡಿದಾಗ ಬರುವ ಅಂಕಗಳು, ಸಾವಿರಕ್ಕೊಂದು ಇರುವ ತಾಲ್ಲೂಕು ಆಸ್ಪತ್ರೆಯ ಸಾಲಿನಲ್ಲಿ ಬರುವುದಿಲ್ಲ.

ಇನ್ನು ‘ತಜ್ಞರೇ ಬೇಡ’ ಎಂಬ ಮಾತು. ಈ ಮಾತನ್ನು ಮಂಡ್ಯದ ಜಿಲ್ಲೆಯಲ್ಲಿ ನಿಂತು ಹೇಳಿ ನೋಡೋಣ. 2023ರಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆಯ ಜಾಲ ಸ್ಕ್ಯಾನಿಂಗ್ ಮಾಡುತ್ತಿದ್ದದ್ದು ಒಂದು ಆಲೆಮನೆಯಲ್ಲಿ. ಬೆಲ್ಲ ಕಾಯಿಸುವ ಜಾಗದಲ್ಲಿ ಯಂತ್ರ ಇಟ್ಟುಕೊಂಡು ಗಂಡೋ ಹೆಣ್ಣೋ ಹೇಳುತ್ತಿದ್ದರು. ಅಲ್ಟ್ರಾಸೌಂಡ್ ಯಂತ್ರ ನಮ್ಮಲ್ಲಿಗೆ ಬಂದದ್ದೂ ಮಗುವಿನ ಆರೋಗ್ಯ ನೋಡಲಿಕ್ಕೇ. ಅದನ್ನು ನಾವು ಯಾವುದಕ್ಕೆ ಬಳಸಿದೆವು ಎಂದು 1994ರ ಲಿಂಗಪತ್ತೆ ತಡೆ ಕಾಯ್ದೆಯೇ ಸಾಕ್ಷಿ ಹೇಳುತ್ತದೆ. ನಾನು ಲ್ಯಾಬಿನಲ್ಲಿದ್ದಷ್ಟು ದಿನವೂ ಎಕ್ಸ್, ವೈ ಕಣ್ಣೆದುರೇ ಇರುತ್ತಿದ್ದವು. ವರದಿಯಲ್ಲಿ ಬರೆಯುವಂತಿರಲಿಲ್ಲ, ಬಾಯಿಬಿಡುವಂತಿರಲಿಲ್ಲ. ಕೇಳಿಕೊಂಡು ಬಂದವರಿಗೆ, ಕೈಯಲ್ಲಿ ಕವರು ಹಿಡಿದು ಬಂದವರಿಗೆ, ಇಲ್ಲ ಅನ್ನಬೇಕಿತ್ತು, ಅಂದೆವು. ಕಾಯ್ದೆ ನಡೆಯುವುದು ಹೀಗೆ, ಇಲ್ಲ ಅನ್ನುವ ಒಬ್ಬ ಮನುಷ್ಯ ನಡುವೆ ನಿಂತಿರುವುದರಿಂದ. ಯಾರು ಹಿಡಿದರೂ ಚಿತ್ರ ಓದಿ ಹೇಳುವ, ಜೇಬಿನಲ್ಲಿ ಹಿಡಿಸುವ ಯಂತ್ರ ಬಂದರೆ ಆಲೆಮನೆಯವನಿಗೆ ಕಲಿತವನ ಹಂಗೂ ಬೇಡ. ಈ ಯಂತ್ರಗಳನ್ನು ಹೊಗಳುವ ಭಾಷಣಗಳಲ್ಲಿ ಮಂಡ್ಯದ ಹೆಸರು ಬಂದದ್ದನ್ನು ನಾನು ಇದುವರೆಗೆ ಕೇಳಿಲ್ಲ.

ಅದೇ ಕಾಯ್ದೆಯಲ್ಲಿ ಇನ್ನೊಂದು ಒಳ್ಳೆಯ ಮಾತಿದೆ, ಅದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಕ್ರೋಮೋಸೋಮ್ ದೋಷ ಪತ್ತೆಯಂಥ ಪರೀಕ್ಷೆಗೆ ಮುಂಚೆ ಅದರ ಅಡ್ಡಪರಿಣಾಮಗಳನ್ನು ಬಸುರಿಗೆ ವಿವರಿಸಬೇಕು, ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಬೇಕು, ಅದರ ಪ್ರತಿ ಅವಳಿಗೆ ಕೊಡಬೇಕು ಎನ್ನುತ್ತದೆ ಐದನೆಯ ಸೆಕ್ಷನ್. ಒಪ್ಪಿಗೆ ಕನ್ನಡದಲ್ಲಿ ಬೇಕು ಎಂದ ಮೇಲೆ ಫಲಿತಾಂಶ ಯಾಕೆ ಇಂಗ್ಲಿಷಿನಲ್ಲಿ? ಇಷ್ಟೆಲ್ಲ ಬುದ್ಧಿ ಇರುವ ಯಂತ್ರಕ್ಕೆ ಕನ್ನಡ ಕಲಿಸುವುದು ಅಷ್ಟು ಕಷ್ಟವೇ?

ನನ್ನ ಮಾತನ್ನು ತಿರುಚುವವರು ಇರುತ್ತಾರೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಈ ಪರೀಕ್ಷೆಗಳೇ ಪಾಪ ಎನ್ನುವವರ ಕಡೆಯವಳು ನಾನಲ್ಲ. ಖಚಿತವಾಗಿ ತಿಳಿದ ಮೇಲೆ ಬಸುರನ್ನು ಮುಂದುವರಿಸುವುದೋ ನಿಲ್ಲಿಸುವುದೋ ಹೊತ್ತವಳಿಗೆ ಬಿಟ್ಟದ್ದು, ಅತ್ತೆಗೂ ಅಲ್ಲ, ಸ್ವಾಮಿಗಳಿಗೂ ಅಲ್ಲ, ನನಗೂ ಅಲ್ಲ. 2021ರ ತಿದ್ದುಪಡಿಯ ನಂತರ ಕೆಲವು ವರ್ಗದ ಹೆಂಗಸರಿಗೆ 24 ವಾರದವರೆಗೆ, ಗಂಭೀರ ದೋಷವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಅದರಾಚೆಗೂ ಅವಕಾಶವಿದೆ. ಒಳ್ಳೆಯದೇ ಆಯಿತು. ನಾನು ಕೇಳುತ್ತಿರುವುದು ಆ ನಿರ್ಧಾರ ಕೆಂಪು ಪಟ್ಟಿಯ ಮೇಲೆ ನಿಲ್ಲಬಾರದು ಎಂದು. ಆಮ್ನಿಯೋ ಮಾಡಿಸಿ, ಕ್ರೋಮೋಸೋಮ್ ಕಣ್ಣಿಂದ ನೋಡಿ, ಆಮೇಲೆ. ದುಡ್ಡಿಲ್ಲ, ಬೆಂಗಳೂರು ದೂರ, ರಜೆ ಸಿಗುವುದಿಲ್ಲ, ‘ಯಾಕೆ ರಿಸ್ಕು, ತೆಗೆಸಿಬಿಡಿ’ ಎಂದು ಯಾರೋ ಹೇಳಿದರು ಎಂದು ನಡುವಿನ ಈ ಹೆಜ್ಜೆಯನ್ನು ಹಾರಿಬಿಡುವ ಕುಟುಂಬಗಳನ್ನು ನಾನು ಕಂಡಿದ್ದೇನೆ. ಆ ಮಕ್ಕಳಲ್ಲಿ ಎಷ್ಟು ಜನಕ್ಕೆ ನಲವತ್ತಾರೇ ಇದ್ದವೋ, ಎಣಿಸಿದವರಿಲ್ಲ.

ನಿರ್ಧಾರ ಮಾಡುವವಳಿಗೆ ಗೊತ್ತಿರಬೇಕಾದ ಬೇರೆ ಸಂಗತಿಗಳೂ ಇವೆ. ಡೌನ್ ಇರುವ ಮಕ್ಕಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಹುಟ್ಟುವಾಗಲೇ ಹೃದಯದ ತೊಂದರೆ ಇರುತ್ತದೆ, ಬಹಳಷ್ಟನ್ನು ಈಗ ಶಸ್ತ್ರಚಿಕಿತ್ಸೆಯಿಂದ ಸರಿಮಾಡಬಹುದು. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಅವರ ಸರಾಸರಿ ಆಯಸ್ಸು ಇಪ್ಪತ್ತೈದು ವರ್ಷವಿತ್ತು, ಈಗ ಅರವತ್ತರ ಹತ್ತಿರ. ಕಲಿಯುವುದು ನಿಧಾನ, ಆದರೆ ಕಲಿಯುತ್ತಾರೆ. ಅವರಿಗಾಗಿ ನ್ಯಾಷನಲ್ ಟ್ರಸ್ಟಿನ ನಿರಾಮಯ ಎಂಬ ಒಂದು ಲಕ್ಷ ರೂಪಾಯಿಯ ಆರೋಗ್ಯ ವಿಮೆಯಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ. ಅಪ್ಪ ಅಮ್ಮ ಹೋದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ನಮ್ಮ ಸರ್ಕಾರಗಳ ಬಳಿ ಗಟ್ಟಿ ಉತ್ತರವಿಲ್ಲ, ಅದನ್ನೂ ಮುಚ್ಚಿಡಬಾರದು. ಡೆನ್ಮಾರ್ಕಿನಲ್ಲಿ 2004ರಿಂದ ಎಲ್ಲ ಬಸುರಿಯರಿಗೂ ಈ ಜರಡಿ ಸಿಗುತ್ತದೆ, ಡೌನ್ ಖಚಿತವಾದವರಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಜನ ಬಸುರು ನಿಲ್ಲಿಸುತ್ತಾರೆ. ಅದು ಅವರ ಆಯ್ಕೆ. ಆದರೆ ಅಲ್ಲಿ ಮಗುವನ್ನು ಇಟ್ಟುಕೊಂಡವಳ ಬೆನ್ನಿಗೂ ಸರ್ಕಾರ ನಿಲ್ಲುತ್ತದೆ. ಬೆನ್ನಿಗೆ ಯಾರೂ ಇಲ್ಲದ ಕಡೆ ಆಯ್ಕೆ ಎಂಬ ಪದವನ್ನು ಸ್ವಲ್ಪ ನಾಚಿಕೊಂಡು ಬಳಸಬೇಕು.

ನನಗೆ ಪರಿಚಯದ ವೈದ್ಯರೊಬ್ಬರು ಇದಕ್ಕೆಲ್ಲ ಒಂದೇ ಉತ್ತರ ಕೊಡುತ್ತಾರೆ: “ಮೇಡಂ, ನಮ್ಮ ತಾಲ್ಲೂಕಿಗೆ ಫೀಟಲ್ ಮೆಡಿಸಿನ್ ಡಾಕ್ಟರು ಈ ಜನ್ಮದಲ್ಲಿ ಬರಲ್ಲ. ಯಂತ್ರಾನೂ ಬೇಡ ಅಂದರೆ ಏನೂ ಇಲ್ಲದ ಹಾಗಾಗುತ್ತೆ.” ಈ ಮಾತಿನಲ್ಲಿ ತೂಕವಿದೆ. ಎನ್‌ಟಿ ಅಳೆಯುವುದು ಅರ್ಧ ಮಿಲಿಮೀಟರಿನ ಆಟ, ಕೈ ಪಳಗದವರು ಅಳೆದರೆ ಲೆಕ್ಕವೆಲ್ಲ ತಲೆಕೆಳಗು, ಅಲ್ಲಿ ಯಂತ್ರ ಕೈ ಹಿಡಿದರೆ ಒಳ್ಳೆಯದೇ. ಬರಲಿ. ಆದರೆ ಯಂತ್ರ ಅಗ್ಗ ಮಾಡುವುದು ಸಂಖ್ಯೆಯನ್ನು ಮಾತ್ರ. ಸಂಖ್ಯೆ ಬಂದ ಮೇಲಿನದು ಯಾವುದೂ ಅಗ್ಗವಾಗಿಲ್ಲ: ಕೂರಿಸಿಕೊಂಡು ಹೇಳುವ ಅರ್ಧ ಗಂಟೆ, ಬೆಂಗಳೂರಿನ ಬಸ್ಸು, ಆಮ್ನಿಯೋ ಖರ್ಚು, ಎರಡು ವಾರ ನಿದ್ದೆಗೆಟ್ಟು ಕಾಯುವುದು. ಸಾವಿರಾರು ಹೆಂಗಸರನ್ನು ಬಾಗಿಲವರೆಗೆ ಕರೆತಂದು, ಒಳಗೆ ಮನೆಯೇ ಕಟ್ಟಿಲ್ಲ ಎಂದಂತಾಯಿತು. ಯಂತ್ರ ಕೊಳ್ಳುವ ಟೆಂಡರಿನಲ್ಲಿಯೇ ಜಿಲ್ಲೆಗೊಬ್ಬ ಆನುವಂಶಿಕ ಸಲಹೆಗಾರರ ಸಂಬಳ ಸೇರಿಸಿ, ಬಡವರ ಆಮ್ನಿಯೋ ಪುಕ್ಕಟೆ ಎಂದು ಬರೆಯಿರಿ, ನಾನೇ ಬಂದು ರಿಬ್ಬನ್ ಕತ್ತರಿಸುತ್ತೇನೆ. ಕತ್ತರಿ ಹಿಡಿದು ಅಭ್ಯಾಸವಿದೆ.

ಅಲ್ಲಿಯವರೆಗೆ ಮಾಡಬಹುದಾದ ಸಣ್ಣ ಕೆಲಸಗಳಿವೆ, ದುಡ್ಡು ಬೇಡದವು. ವಯಸ್ಸು, ತೂಕ, ವಾರ ಏನು ಹಾಕಿ ಲೆಕ್ಕ ಮಾಡಿದ್ದೀರಿ ಎಂಬುದನ್ನು ವರದಿಯ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ, ತಪ್ಪಿದ್ದರೆ ಅವಳೇ ಹಿಡಿಯುತ್ತಾಳೆ. 1:190 ಎನ್ನುವ ಬದಲು ನೂರತೊಂಬತ್ತು ಚುಕ್ಕೆ ಹಾಕಿ ಒಂದಕ್ಕೆ ಬಣ್ಣ ತುಂಬಿ. ಶನಿವಾರ ರಾತ್ರಿ ವಾಟ್ಸ್ಯಾಪಿನಲ್ಲಿ ಕಳಿಸಬೇಡಿ. ತಂಗಿಯ ಮಗಳ ವರದಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ಇದು ಕಂಪ್ಯೂಟರ್ ತಯಾರಿಸಿದ ವರದಿ, ಸಹಿಯ ಅಗತ್ಯವಿಲ್ಲ. ಮೊದಲು ಆ ಸಾಲನ್ನು ತೆಗೆಯಿರಿ. ಆ ಜಾಗದಲ್ಲಿ ಒಬ್ಬರ ಹೆಸರು, ಅವರ ಸಹಿ, ಭಾನುವಾರ ಮಾಡಿದರೂ ಎತ್ತುವಂಥ ಒಂದು ಫೋನ್ ನಂಬರ್ ಹಾಕಿ.